ಬೆಳಕು ಬದಲಾಗದಿದ್ದರೂ ಪಾಪೆ ಕಿರಿದಾಗುವುದೇಕೆ?

ಪ್ರಶ್ನೆ: ಬೆಳಕು ಹೆಚ್ಚಾದರೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ ಎಂದು ಗೊತ್ತು. ಆದರೆ ನನ್ನ ಮಗಳು ಮೊಬೈಲನ್ನು ಮುಖದ ಹತ್ತಿರ ತಂದು ನೋಡುವಾಗಲೂ ಹೀಗಾಗುತ್ತದೆ. ಇದು ಸಹಜವೇ? ಮನೆಯಲ್ಲಿ ಪರೀಕ್ಷಿಸುವುದು ಹೇಗೆ?

ಉತ್ತರ: ಸಹಜವೇ. ಆದರೆ ಮೊಬೈಲ್ ಹಿಡಿದು ಪರೀಕ್ಷೆ ಮಾಡಬೇಡಿ. ಅದರ ಪರದೆಯೇ ಒಂದು ದೀಪ. ಪಾಪೆ ಕಿರಿದಾದದ್ದು ಬೆಳಕಿಗೋ, ವಸ್ತು ಹತ್ತಿರ ಬಂದದ್ದಕ್ಕೋ ತಿಳಿಯುವುದಿಲ್ಲ. ಅಕ್ಷರ ಅಚ್ಚಾದ ಪೆನ್ಸಿಲ್ ಸಾಕು.

ಕೋಣೆಯ ಬೆಳಕು ಮಂಕಾಗಿರಲಿ. ಮಗಳು ಐದಾರು ಮೀಟರ್ ಆಚೆಯ ಯಾವುದಾದರೂ ವಸ್ತುವನ್ನು ನೋಡುತ್ತಿರಲಿ. ನೀವು ಅವಳ ನೋಟಕ್ಕೆ ಅಡ್ಡ ನಿಲ್ಲದೆ ಪಕ್ಕದಲ್ಲಿರಿ. ಪೆನ್ಸಿಲನ್ನು ಅವಳ ಮೂಗಿನ ನೇರಕ್ಕೆ ಸುಮಾರು 15 ಸೆಂ.ಮೀ. ದೂರದಲ್ಲಿ ಹಿಡಿದು, ಅದರ ಮೇಲಿನ ಅಕ್ಷರ ಓದಲು ಹೇಳಿ. ನೋಟ ಪೆನ್ಸಿಲಿಗೆ ಬಂದೊಡನೆ ಎರಡೂ ಕಣ್ಣು ಮೂಗಿನ ಕಡೆ ತಿರುಗುತ್ತವೆ, ಪಾಪೆಗಳು ಒಟ್ಟಿಗೆ ಕಿರಿದಾಗುತ್ತವೆ. ಮತ್ತೆ ದೂರ ನೋಡಿದರೆ ಹಿಗ್ಗುತ್ತವೆ. ಕಡುಗಂದು ಕಣ್ಣಿನಲ್ಲಿ ಪಾಪೆಯ ಅಂಚು ಸುಲಭವಾಗಿ ಕಾಣದು. ಆಗ ಗಲ್ಲದ ಕೆಳಗಿನಿಂದ ಓರೆಯಾಗಿ ಟಾರ್ಚ್ ಹಿಡಿದು, ಕೊನೆಯವರೆಗೂ ಅದನ್ನು ಅಲುಗಾಡಿಸದಿರಿ. ಏನೂ ಬದಲಾವಣೆ ಕಾಣಲಿಲ್ಲವೇ? ಬಹುಪಾಲು ಸಲ ಮಕ್ಕಳು ಅಕ್ಷರದ ಮೇಲೆ ನಿಜವಾಗಿ ದೃಷ್ಟಿ ನೆಟ್ಟಿರುವುದಿಲ್ಲ. ಪೆನ್ಸಿಲ್ ಬದಲು ಅವಳದೇ ಹೆಬ್ಬೆರಳು ನೋಡಲು ಹೇಳಿ, ಎರಡು ಮೂರು ಸಲ ಮಾಡಿಸಿ.

ಹತ್ತಿರದ್ದನ್ನು ನೋಡುವಾಗ ಮಿದುಳು ಮೂರು ಕೆಲಸಗಳನ್ನು ಒಟ್ಟಿಗೆ ಮಾಡಿಸುತ್ತದೆ: ಕಣ್ಣುಗಳನ್ನು ಒಳಕ್ಕೆ ತಿರುಗಿಸುವುದು, ಮಸೂರವನ್ನು ಉಬ್ಬಿಸುವುದು, ಪಾಪೆಯನ್ನು ಕಿರಿದಾಗಿಸುವುದು. ಮೂರಕ್ಕೂ ಅಪ್ಪಣೆ ಹೋಗುವುದು ಮಿದುಳಿನಿಂದ ನೇರವಾಗಿ ಹೊರಡುವ ನರಗಳಲ್ಲಿ ಒಂದಾದ ಮೂರನೆಯ ಕಪಾಲ ನರದ ಮೂಲಕ. ಮಸೂರದ ಸುತ್ತಲಿನ ಸ್ನಾಯು ಬಿಗಿದಾಗ ಅದನ್ನು ಎಳೆದು ಹಿಡಿದ ಎಳೆಗಳು ಸಡಿಲಗೊಂಡು ಮಸೂರ ದಪ್ಪವಾಗುತ್ತದೆ. ಕಿರಿದಾದ ಪಾಪೆ ಮಸೂರದ ಅಂಚಿನಿಂದ ಹಾಯುವ ಕಿರಣಗಳನ್ನು ತಡೆಯುತ್ತದೆ, ಫೋಕಸ್ ತುಸು ತಪ್ಪಿದರೂ ಚಿತ್ರ ಸ್ಪಷ್ಟವಾಗಿ ಉಳಿಯುತ್ತದೆ. ನಲವತ್ತರ ನಂತರ ಮಸೂರ ಗಡುಸಾಗಿ ಚಾಳೀಸು ಬಂದವರಿಗೆ ಇದು ದೊಡ್ಡ ಆಸರೆ. ಅವರು ಪುಸ್ತಕವನ್ನು ದೀಪದ ಹತ್ತಿರ ಒಯ್ಯುವುದಕ್ಕೆ ಇದೂ ಒಂದು ಕಾರಣ: ಬೆಳಕೂ ಪಾಪೆಯನ್ನು ಕಿರಿದಾಗಿಸಿ ಅಕ್ಷರವನ್ನು ತಿಳಿಯಾಗಿಸುತ್ತದೆ.

ಬೆಳಕಿನ ಸಂದೇಶ ಹಾಗೂ ಹತ್ತಿರದ ನೋಟದ ಸಂದೇಶ ಮಿದುಳಿನೊಳಗೆ ಬೇರೆ ಬೇರೆ ದಾರಿಯಲ್ಲಿ ಬಂದು ಕೊನೆಗೆ ಒಂದೆಡೆ ಸೇರುತ್ತವೆ. ಅದಕ್ಕೇ ಕೆಲವು ಕಾಯಿಲೆಗಳಲ್ಲಿ ಟಾರ್ಚ್ ಬೆಳಕು ಬಿಟ್ಟರೆ ಪಾಪೆ ಕದಲದು, ಪೆನ್ಸಿಲ್ ಹಿಡಿದರೆ ಕಿರಿದಾಗುತ್ತದೆ. ಸಿಫಿಲಿಸ್ ರೋಗಿಗಳಲ್ಲಿ ಕಾಣುವ ಇಂಥ ಪಾಪೆಯನ್ನು ಎಡಿನ್‌ಬರೋದ ವೈದ್ಯ ಆರ್ಗೈಲ್ ರಾಬರ್ಟ್‌ಸನ್ 1869ರಲ್ಲಿ ವಿವರಿಸಿದರು. ಏಡಿ (Adie) ಎಂಬ ವೈದ್ಯರ ಹೆಸರಿನಿಂದ ಕರೆಯುವ ಇನ್ನೊಂದು ಪಾಪೆ ದೋಷದಲ್ಲಾದರೆ ಕಿರಿದಾಗುವುದೂ ನಿಧಾನ, ದೂರ ನೋಡಿದಾಗ ಹಿಗ್ಗುವುದು ಇನ್ನೂ ನಿಧಾನ. ಬೆಳಕಿಗೆ ಪಾಪೆ ಚೆನ್ನಾಗಿ ಸ್ಪಂದಿಸುತ್ತಿದ್ದರೆ ಪೆನ್ಸಿಲ್ ಪರೀಕ್ಷೆಯ ಅಗತ್ಯವೇ ಅಪರೂಪ. ಕಣ್ಣಿನ ತಪಾಸಣೆಗೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡಿದ್ದರೆ ಅದರ ಪ್ರಭಾವ ಇಳಿಯುವವರೆಗೆ ಯಾವ ಪರೀಕ್ಷೆಯೂ ಬೇಡ; ಅಟ್ರೋಪಿನ್ ಆದರೆ ಒಂದು ವಾರಕ್ಕೂ ಹೆಚ್ಚು ದಿನ ಉಳಿಯಬಹುದು.

ಒಂದು ಪಾಪೆ ಹೊಸದಾಗಿ ದೊಡ್ಡದಾಗಿದ್ದು, ಜೊತೆಗೆ ರೆಪ್ಪೆ ಜೋತುಬಿದ್ದಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ ಅಥವಾ ತೀವ್ರ ತಲೆನೋವು ಬಂದರೆ ಪೆನ್ಸಿಲ್ ಬದಿಗಿಟ್ಟು ಆ ಕ್ಷಣವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.