ನಲವತ್ತರ ಹತ್ತಿರ ಕರಾಟೆ ಕಲಿಯಬಹುದೇ? ಕಲಿತವರ ಅನುಭವ ಹೇಗಿತ್ತು?

ಧಾರಾಳವಾಗಿ ಕಲಿಯಬಹುದು. ನಾನು ಮೂವತ್ತೆಂಟು ದಾಟಿದ ಮೇಲೆ ಮಂಗಳೂರಿನಲ್ಲಿ ಸೇರಿದವಳು, ಈಗಲೂ ಹೋಗುತ್ತಿದ್ದೇನೆ. ನೀವು ಉಡುಪಿಯಲ್ಲಿದ್ದೀರಿ, ಮಂಡಿಯದ್ದು ಹೆದರಿಕೆ ಉಂಟು, ಮಕ್ಕಳ ನಡುವೆ ನಿಲ್ಲುವುದಕ್ಕೆ ನಾಚಿಕೆ, ಯಾವ ಕ್ಲಾಸಿಗೆ ಸೇರುವುದೆಂದು ಗೊತ್ತಾಗುವುದಿಲ್ಲ ಎಂದು ಬರೆದಿದ್ದೀರಿ. ನಾಚಿಕೆ ತಾನಾಗಿ ಹೋಗುತ್ತದೆ, ಮಂಡಿಯನ್ನು ನೋಡಿಕೊಳ್ಳಬಹುದು. ಕ್ಲಾಸ್ ಆರಿಸುವುದರಲ್ಲಿ ಮಾತ್ರ ನಿಜವಾಗಿ ತಲೆ ಓಡಿಸಬೇಕು.

ನಮ್ಮ ಕ್ಲಾಸ್ ನಡೆಯುವುದು ಒಂದು ಶಾಲೆಯ ಹಾಲಿನಲ್ಲಿ, ಸಂಜೆ ಹೊತ್ತು. ಮಕ್ಕಳೇ ಜಾಸ್ತಿ. ಅಪ್ಪ ಅಮ್ಮಂದಿರು ಹೊರಗೆ ಜಗಲಿಯಲ್ಲಿ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಸಾಲು ನಿಲ್ಲುವುದು ಬೆಲ್ಟಿನ ಪ್ರಕಾರ, ವಯಸ್ಸು ಅಲ್ಲಿ ಲೆಕ್ಕಕ್ಕಿಲ್ಲ. ಬಿಳಿ ಬೆಲ್ಟಿನ ನಾನು ಸಾಲಿನ ತುದಿಯಲ್ಲಿ, ನನ್ನ ಪಕ್ಕ ಎರಡನೇ ಕ್ಲಾಸಿನ ಹುಡುಗ. ನನ್ನನ್ನು ಮೊದಲು ತಿದ್ದಿದ್ದು ಹಸಿರು ಬೆಲ್ಟಿನ ಒಬ್ಬಳು ಪುಟ್ಟ ಹುಡುಗಿ: "ಆಂಟಿ, ಹಿಂದಿನ ಕಾಲು ಸೀದಾ ಮಾಡಿ. ಹಿಮ್ಮಡಿ ಎತ್ತಬೇಡಿ." ಅವಳು ಹೇಳಿದ್ದು ಸರಿಯೇ ಇತ್ತು. ನಾನು ಕಲಿಯುವುದು ಶೋಟೋಕಾನ್ ಎಂಬ ಶೈಲಿಯ ಕರಾಟೆ. ಅದರಲ್ಲಿ ಆರಂಭಕ್ಕೆ ಬರುವ ಹೇಯಾನ್ ಎಂಬ ಐದು ಕಟಾಗಳ (ಒಬ್ಬರೇ ನಿಂತು ಕ್ರಮವಾಗಿ ಮಾಡುವ ಹೊಡೆತ, ತಡೆಗಳ ಸರಣಿ) ಮೂಲವೇ ಶಾಲಾ ಮಕ್ಕಳ ಪಾಠ. ಜಪಾನಿನ ಓಕಿನಾವಾ ದ್ವೀಪದ ಕರಾಟೆ ಗುರು ಇತೋಸು ಆಂಕೋ 20ನೇ ಶತಮಾನದ ಆರಂಭದಲ್ಲಿ ಕರಾಟೆಯನ್ನು ಅಲ್ಲಿನ ಶಾಲೆಗಳಿಗೆ ತಂದಾಗ ಮಕ್ಕಳಿಗೆಂದು ಜೋಡಿಸಿದವು ಅವು. ಮಕ್ಕಳ ಪಾಠಕ್ಕೆ ನಾವೇ ಹೋಗಿ ಸೇರಿಕೊಳ್ಳುವವರು, ಮತ್ತೆ ನಾಚಿಕೆ ಎಂತದ್ದಕ್ಕೆ?

ಇನ್ನು ಮಂಡಿ. ಮೊದಲು ಕಲಿಸುವ ನಿಲುವಿನಲ್ಲಿ ಮುಂದಿನ ಕಾಲು ಮಡಚಿ ಹಿಂದಿನದ್ದನ್ನು ಚಾಚಬೇಕು. ಸುಸ್ತಾದ ಹಾಗೆ ಮುಂದಿನ ಮಂಡಿ ಒಳಕ್ಕೆ ವಾಲಲು ಶುರುವಾಗುತ್ತದೆ, ನೋವಿನ ಬೇರು ಇರುವುದು ಅಲ್ಲಿ. ಪಾದ ಯಾವ ದಿಕ್ಕಿಗೋ ಮಂಡಿಯೂ ಅದೇ ದಿಕ್ಕಿಗೆ ಇರಬೇಕು. ತಿರುಗುವಾಗಲೂ ಅಷ್ಟೇ: ಪಾದ ನೆಲಕ್ಕೆ ಕಚ್ಚಿಕೊಂಡು ಮೈ ಮಾತ್ರ ತಿರುಗಿದರೆ ಆ ತಿರುಚನ್ನು ಪೂರ್ತಿ ಮಂಡಿಯೇ ತಿನ್ನುತ್ತದೆ. ನಮ್ಮ ಊರಿನಲ್ಲಿ ಇದು ಋತುವಿಗೆ ಒಂದೊಂದು ರೀತಿ. ಏಪ್ರಿಲ್ ಮೇ ಸೆಕೆಗೆ ಅಂಗಾಲು ಅಂಟಂಟು, ತಿರುಗಲು ಬಿಡುವುದಿಲ್ಲ. ಜೂನ್ ಬಂತೆಂದರೆ ನೆಲವೇ ಬೆವರುತ್ತದೆ, ಒದೆಯಲು ಕಾಲೆತ್ತಿದರೆ ಊರಿದ ಕಾಲು ಜಾರುತ್ತದೆ. ಮಳೆಗಾಲದಲ್ಲಿ ನಮ್ಮ ಮಾಸ್ಟ್ರು ಎತ್ತರದ ಒದೆತವನ್ನೆಲ್ಲ ಬದಿಗಿಟ್ಟು ಕಟಾಕ್ಕೆ ಹೆಚ್ಚು ಸಮಯ ಕೊಡುತ್ತಾರೆ. ಮುಂದಕ್ಕೆ ಒದೆಯುವಾಗ ಕಾಲ್ಬೆರಳುಗಳನ್ನು ಹಿಂದಕ್ಕೆ ಮಡಚಿ ಬೆರಳ ಬುಡದ ದಪ್ಪ ಭಾಗದಲ್ಲಿ ಹೊಡೆಯಬೇಕು. ವರ್ಷಗಟ್ಟಲೆ ಚಪ್ಪಲಿಯೊಳಗೆ ಸುಮ್ಮನಿದ್ದ ಬೆರಳುಗಳಿಗೆ ಈ ಮಡಚುವಿಕೆಯೇ ಒಂದು ದೊಡ್ಡ ಕಸರತ್ತು. ಮನೆಯಲ್ಲಿ ಗೋಡೆ ಹಿಡಿದುಕೊಂಡು ಅಭ್ಯಾಸ ಮಾಡಿ. ಮಂಡಿಗೆ ಹಳೆಯ ಪೆಟ್ಟು ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸದೆ ಸೇರಬೇಡಿ.

ಈಗ ಕ್ಲಾಸಿನ ವಿಷಯ. ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಬ್ಲ್ಯಾಕ್ ಬೆಲ್ಟ್ ಆಗಲು ಎಷ್ಟು ವರ್ಷ?" ನೀವು ಅದನ್ನು ಕೇಳಬೇಡಿ. ಬೆಲ್ಟಿನ ಪದ್ಧತಿ ಕರಾಟೆಯಲ್ಲಿ ಹುಟ್ಟಿದ್ದೇ ಅಲ್ಲ, ಜೂಡೋದ ಕಾನೋ ಜಿಗೊರೋ ಅವರಿಂದ ಬಂದದ್ದು. 1922ರಲ್ಲಿ ಓಕಿನಾವಾದಿಂದ ಟೋಕಿಯೊಗೆ ಬಂದ ಕರಾಟೆ ಗುರು ಫುನಾಕೋಶಿ ಗಿಚಿನ್ 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಬ್ಲ್ಯಾಕ್ ಬೆಲ್ಟ್ ಕೊಟ್ಟರು. ನಡುವಿನ ಹಳದಿ, ಕಿತ್ತಳೆ, ನೇರಳೆಗಳ ಕ್ರಮವಂತೂ ಒಂದೊಂದು ಸಂಸ್ಥೆಗೆ ಒಂದೊಂದು. ಪ್ರತಿ ಬಣ್ಣಕ್ಕೂ ಗ್ರೇಡಿಂಗ್ ಫೀಸ್, ಅಂದರೆ ಬೆಲ್ಟ್ ಪರೀಕ್ಷೆಯ ಫೀಸ್, ಇರುತ್ತದೆ, ಆದ್ದರಿಂದ ಬಣ್ಣ ಜಾಸ್ತಿ ಇದ್ದಷ್ಟೂ ಯಾರಿಗೆ ಲಾಭ ಎಂದು ನೀವೇ ಲೆಕ್ಕ ಹಾಕಿ. ನನ್ನ ಸಂಬಂಧಿಕರ ಹುಡುಗನೊಬ್ಬ ಬೇರೊಂದು ಕ್ಲಾಸಿನಲ್ಲಿ ಬ್ರೌನ್ ಬೆಲ್ಟ್ ತನಕ ಹೋದ, ಎದುರಿಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿಕೊಂಡು ಒಮ್ಮೆಯೂ ಆಡದೆ. ಗಾಳಿಗೆ ಹೊಡೆದದ್ದೇ ಹೊಡೆದದ್ದು!

ಕ್ಲಾಸನ್ನು ಅಳೆಯಬೇಕಾದದ್ದು ಅಲ್ಲಿ ಕುಮಿಟೆ, ಅಂದರೆ ಇಬ್ಬರು ಎದುರುಬದುರಾಗಿ ಆಡುವುದನ್ನು, ಹೇಗೆ ಮಾಡಿಸುತ್ತಾರೆ ಎಂಬುದರ ಮೇಲೆ. ನನ್ನ ಮಟ್ಟಿಗೆ ಹೇಳುವುದಾದರೆ, ಕಟಾ ಎಷ್ಟು ಚಂದ ಮಾಡಿದರೂ ಮುಖದ ಹತ್ತಿರ ಒಂದು ಮುಷ್ಟಿ ಬಂದಾಗ ಕಣ್ಣು ತಾನಾಗಿ ಮುಚ್ಚಿತು. ಎದುರಿಗಿದ್ದದ್ದು ಪಿಯುಸಿ ಓದುವ ಹುಡುಗಿ, ಅವಳು ಮುಟ್ಟಿರಲೂ ಇಲ್ಲ. ಮಾಸ್ಟ್ರು ಆಟ ನಿಲ್ಲಿಸಿ ಬೇರೆ ಕೆಲಸ ಕೊಟ್ಟರು. ಅವಳು ನಿಧಾನಕ್ಕೆ ನನ್ನ ಮೂಗಿನ ತನಕ ಮುಷ್ಟಿ ತಂದು ನಿಲ್ಲಿಸುವುದು, ನಾನು ತಡೆಯಲೂ ಬಾರದು, ಹೊಡೆಯಲೂ ಬಾರದು, ಕಣ್ಣು ಬಿಟ್ಟುಕೊಂಡು ಅರ್ಧ ಹೆಜ್ಜೆ ಹಿಂದೆ ಸರಿಯುವುದು. ಅಷ್ಟೇ. ಮುಂದೆ ಅದೇ ವೇಗವಾಗಿ. ಹಲವು ವಾರ ಇದೇ ನಡೆಯಿತು. ಬೇಜಾರು ಬಂದದ್ದು ನಿಜ. ಆದರೆ ಅವಳ ಭುಜ ಅಲುಗಿದ ಕೂಡಲೇ ಕೈ ಎಲ್ಲಿಯ ತನಕ ಮುಟ್ಟುತ್ತದೆ ಎಂಬ ಅಂದಾಜು ಸಿಗತೊಡಗಿತು, ಅಲ್ಲಿಂದ ಕಣ್ಣು ಮುಚ್ಚುವುದು ನಿಂತಿತು. ಆ ಅಂತರದ ಲೆಕ್ಕ ಸಾಲಿನಲ್ಲಿ ನಿಂತು ಗಾಳಿಗೆ ಹೊಡೆದರೆ ಬರುವುದಿಲ್ಲ.

ಹಾಗೆಂದು ಹುಡುಗರನ್ನು ಬಿಟ್ಟು ಬಡಿದಾಡಿಸುವ ಕಡೆಗೂ ಹೋಗಬೇಡಿ. ಸ್ಪರ್ಧೆಯ ಕುಮಿಟೆಯಲ್ಲಿ ಮುಷ್ಟಿಗೆ 1 ಪಾಯಿಂಟ್, ಹೊಟ್ಟೆ ಬೆನ್ನಿಗೆ ಒದ್ದರೆ 2, ತಲೆಯ ಎತ್ತರಕ್ಕೆ ಒದ್ದರೆ 3. ಆದರೆ ಏಟಿಗೆ ಹತೋಟಿ ಇರಲೇಬೇಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಹೆವಿವೇಟ್ ಫೈನಲ್ ನೆನಪಿದೆಯೋ ಏನೋ. ಪಾಯಿಂಟಿನಲ್ಲಿ ಮುಂದಿದ್ದ ಸೌದಿಯ ತಾರೆಗ್ ಹಮೆದಿ ಒಂದೇ ಒದೆತಕ್ಕೆ ಇರಾನಿನ ಸಜಾದ್ ಗಂಜ್‌ಜಾದೆಯನ್ನು ಮಲಗಿಸಿದರು. ಹತೋಟಿ ತಪ್ಪಿದ ಏಟೆಂದು ಹಮೆದಿಯನ್ನು ಅನರ್ಹಗೊಳಿಸಿದರು, ಸ್ಟ್ರೆಚರಿನಲ್ಲಿ ಹೊರಗೆ ಹೋದವರಿಗೆ ಚಿನ್ನ ಸಿಕ್ಕಿತು. ನೋಡುವವರಿಗೆ ತಮಾಷೆ ಅನಿಸಬಹುದು, ನಮ್ಮ ಮಾಸ್ಟ್ರು ಮಾತ್ರ ಇವತ್ತಿಗೂ ಆ ಫೈನಲ್ ಕಥೆಯನ್ನು ಎಲ್ಲ ಹೊಸಬರಿಗೂ ಹೇಳುತ್ತಾರೆ.

"ಯಾರಾದರೂ ಮೇಲೆ ಬಿದ್ದರೆ ಹೊಡೆಯುತ್ತೀರಾ?" ಎಂದು ಆಫೀಸಿನಲ್ಲಿ ಕೇಳುವುದುಂಟು. ಪುಣ್ಯಕ್ಕೆ ಅಂತಹ ಸಂದರ್ಭ ಬಂದಿಲ್ಲ. ಕಾಲೇಜುಗಳಲ್ಲಿ ಒಂದೇ ಮಧ್ಯಾಹ್ನದಲ್ಲಿ ಆತ್ಮರಕ್ಷಣೆ ಕಲಿಸಿ ಫೋಟೋ ತೆಗೆದು ಮುಗಿಸುವ ಶಿಬಿರಗಳ ಮೇಲೆ ನನಗೆ ನಂಬಿಕೆ ಇಲ್ಲ. ಅಲ್ಲಿ ಉಪಯೋಗಕ್ಕೆ ಬರುವುದು ಹೊಟ್ಟೆಯಿಂದ ಜೋರಾಗಿ ಕೂಗುವುದು ಒಂದೇ. ಅದನ್ನಂತೂ ಕಲಿಯಿರಿ. ನಮ್ಮ ಹೆಂಗಸರಲ್ಲಿ ಹಲವರಿಗೆ ಒದೆಯುವುದಕ್ಕಿಂತ ಕಷ್ಟ ಆಗುವುದು ನಾಲ್ಕು ಜನರ ಎದುರು ಹಾಗೆ ಸ್ವರ ಎತ್ತುವುದು.

ನನ್ನ ಮಾವನವರಿಗೆ ಬೇರೆಯೇ ತಕರಾರು: "ಕೋಟಿ ಚೆನ್ನಯರ ಗರಡಿ ಊರೂರಿಗೆ ಇರುವಾಗ ಜಪಾನಿನದ್ದು ಯಾಕೆ ಮಾರಾಯ್ತಿ?" ಗರಡಿಯಲ್ಲಿ ಈಗ ದೈವದ ನೇಮ ನೋಡಬಹುದು, ಅಂಗಸಾಧನೆ ಕಲಿಸುವವರನ್ನು ಎಲ್ಲಿಂದ ತರುವುದು? ಮೊಸರುಕುಡಿಕೆಗೆ ತಾಲೀಮು ನೋಡಿ ಬೆಳೆದವಳು ನಾನು, ಹುಡುಗಿಯರನ್ನು ಯಾರೂ ಕರೆದು ಕಲಿಸಲಿಲ್ಲ. ಕೇರಳದ ಕಳರಿ ಕಾಳಗ ವಿದ್ಯೆಯ ಆಸೆ ಇದ್ದರೆ ಅದಕ್ಕೆ ಸರಿಯಾದ ಗುರುಕ್ಕಳ್, ಅಂದರೆ ಗುರುವನ್ನು, ಹುಡುಕಿಕೊಂಡು ಕಾಸರಗೋಡು, ಕಣ್ಣೂರು ಕಡೆ ನೋಡಬೇಕು. ಆದರೆ ಅದರ ಕುಳಿತೇ ಚಲಿಸುವ ನಿಲುವುಗಳು ಕರಾಟೆಗಿಂತ ಜಾಸ್ತಿ ಮಂಡಿ ಕೇಳುತ್ತವೆ, ನೀವು ಮಂಡಿಯ ಮಾತೆತ್ತಿದ್ದರಿಂದ ಹೇಳುತ್ತಿದ್ದೇನೆ.

ಹಾಗಾಗಿ ಹತ್ತಿರದ ಎರಡು ಮೂರು ಕ್ಲಾಸಿಗೆ ಸಂಜೆ ಹೋಗಿ ಸುಮ್ಮನೆ ಕೂತು ಕೊನೆಯ ತನಕ ನೋಡಿ. ಕೂತು ನೋಡಲು ಬಿಡುವುದಿಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಕುಮಿಟೆ ಆಡುವಾಗ ಕೈಗೆ ಗ್ಲೌಸ್, ಬಾಯಿಗೆ ಗಾರ್ಡ್ ಇದೆಯೋ, ಜೋಡಿ ಮಾಡುವಾಗ ತೂಕ ನೋಡುತ್ತಾರೋ, ಒಬ್ಬರು ಹೆದರಿದರೆ ಮಾಸ್ಟ್ರು ನಿಲ್ಲಿಸುತ್ತಾರೋ ಅಥವಾ ನಗುತ್ತಾರೋ, ಇಷ್ಟು ನೋಡಿದರೆ ಸಾಕು. ಡ್ರೆಸ್ಸಿಗೆ ಅವಸರ ಮಾಡಬೇಡಿ, ಮೊದಲ ತಿಂಗಳು ಟ್ರ್ಯಾಕ್ ಪ್ಯಾಂಟಿನಲ್ಲೇ ಹೋಗಿ. ಆಮೇಲೆ ಕೊಳ್ಳುವಾಗ ಕಾಟನ್ನಿನದ್ದಾದರೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ, ಒಗೆದ ಮೇಲೆ ಗಿಡ್ಡ ಆಗುತ್ತದೆ. ದಪ್ಪ ಬಟ್ಟೆಯದ್ದು ಬೇಡ, ಜುಲೈ ತಿಂಗಳಲ್ಲಿ ಮೂರು ದಿನವಾದರೂ ಒಣಗುವುದಿಲ್ಲ.