ಸ್ಮೊಕ್ತುನೋವ್‌ಸ್ಕಿ ಯಾರು? ರಷ್ಯನ್ನರು ಅವರನ್ನು ಯಾಕೆ ಅಷ್ಟು ಮೆಚ್ಚುತ್ತಾರೆ?

ರಷ್ಯದ ನಟ ಇನ್ನೊಕೆಂತಿ ಸ್ಮೊಕ್ತುನೋವ್‌ಸ್ಕಿ ಹುಟ್ಟಿದ್ದು 1925ರಲ್ಲಿ, ಸೈಬೀರಿಯಾದ ಒಂದು ಹಳ್ಳಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿದ್ದರು. 1943ರಲ್ಲಿ ಕೀವ್ ಹತ್ತಿರ ಜರ್ಮನ್ನರಿಗೆ ಸೆರೆಸಿಕ್ಕಿ, ಆಮೇಲೆ ತಪ್ಪಿಸಿಕೊಂಡರು. ಉಕ್ರೇನಿನ ಒಂದು ಕುಟುಂಬ ಅವರನ್ನು ಬಚ್ಚಿಟ್ಟು ಕಾಪಾಡಿತು. ಯುದ್ಧದ ನಂತರ ನೊರಿಲ್‌ಸ್ಕ್‌ನಂಥ ದೂರದ ಊರುಗಳಲ್ಲಿ ನಾಟಕ ಮಾಡಿದರು.

ಹೆಸರು ತಂದಿದ್ದು 1957ರಲ್ಲಿ ಲೆನಿನ್‌ಗ್ರಾಡಿನಲ್ಲಿ ತೆರೆಕಂಡ 'ಈಡಿಯಟ್' ನಾಟಕ. ದೊಸ್ತೊಯೆವ್‌ಸ್ಕಿ ಕಾದಂಬರಿಯ ನಾಯಕ ಮಿಶ್ಕಿನ್ ಪಾತ್ರ ಅವರದು. ಅಬ್ಬರವಿಲ್ಲ, ಮೆಲುದನಿ. ಅಷ್ಟರಲ್ಲೇ ಒಳಗಿನ ನೋವೆಲ್ಲ ಕಾಣುತ್ತಿತ್ತು. ಸಾವನ್ನು ಅಷ್ಟು ಹತ್ತಿರದಿಂದ ನೋಡಿದವರು, ಅಲ್ವಾ?

1964ರಲ್ಲಿ ನಿರ್ದೇಶಕ ಕೊಜಿಂತ್ಸೆವ್ ಅವರ 'ಹ್ಯಾಮ್ಲೆಟ್' ಸಿನಿಮಾ ಬಂತು. ಹ್ಯಾಮ್ಲೆಟ್ ಆಗಿದ್ದು ಸ್ಮೊಕ್ತುನೋವ್‌ಸ್ಕಿ. ಅವರ ಹ್ಯಾಮ್ಲೆಟ್ ಸುಮ್ನೆ ಕೊರಗುವವನಲ್ಲ, ಎಲ್ಲವನ್ನೂ ಅರಿತು ಎದುರು ನಿಲ್ಲುವವನು. ನನಗೆ ಇಷ್ಟವಾಗುವುದೇ ಅದು. ಮರುವರ್ಷ ಸೋವಿಯತ್ ಸರ್ಕಾರದ ಲೆನಿನ್ ಪ್ರಶಸ್ತಿಯೂ ಬಂತು. 1976ರಿಂದ ಮಾಸ್ಕೋ ಆರ್ಟ್ ಥಿಯೇಟರಿನಲ್ಲಿದ್ದರು. 1994ರಲ್ಲಿ ತೀರಿಕೊಂಡರು.