ಹೋಮಿಯೋಪಥಿ ವೈದ್ಯರಾಗುವ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ನೀಟ್ ಫಲಿತಾಂಶದ ಹೊತ್ತಿಗೆ ಹೋಮಿಯೋಪಥಿ ಪದವಿಯಾದ ಬಿಎಚ್‌ಎಂಎಸ್ ಬಗ್ಗೆ ಪತ್ರಗಳು ಹೆಚ್ಚು ಬರುತ್ತವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ನೀಟ್‌ನಲ್ಲಿ ಅರ್ಹತೆ ಸಿಕ್ಕಿಲ್ಲ. ನೀಟ್ ಇಲ್ಲದೆಯೇ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಬಿಎಚ್‌ಎಂಎಸ್ ಸೀಟು ಕೊಡಿಸುತ್ತೇನೆಂದು ಒಬ್ಬರು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?
— ಗೃಹಿಣಿ, ಚಿತ್ರದುರ್ಗ

ಒಂದು ರೂಪಾಯಿಯನ್ನೂ ಕೊಡಬೇಡಿ. ಸರ್ಕಾರಿ ಸೀಟಿರಲಿ, ಮ್ಯಾನೇಜ್‌ಮೆಂಟ್ ಸೀಟಿರಲಿ, ಬಿಎಚ್‌ಎಂಎಸ್‌ಗೆ ನೀಟ್ ಅರ್ಹತೆ ಕಡ್ಡಾಯ. ಸಾಮಾನ್ಯ ವರ್ಗದವರು 50ನೇ ಪರ್ಸೆಂಟೈಲ್, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರು 40ನೇ ಪರ್ಸೆಂಟೈಲ್ ದಾಟಿರಬೇಕು. ಇದು ಶೇಕಡಾವಾರು ಅಂಕವಲ್ಲ, ಪರೀಕ್ಷೆ ಬರೆದವರ ಸಾಲಿನಲ್ಲಿ ಅಭ್ಯರ್ಥಿ ಎಲ್ಲಿ ನಿಲ್ಲುತ್ತಾರೆ ಎಂಬ ಲೆಕ್ಕ. ಹಾಗಾಗಿ 720ಕ್ಕೆ ಎಷ್ಟು ಬಂದರೆ ಅರ್ಹತೆ ಎಂಬುದು ಪ್ರತಿ ವರ್ಷ ಬದಲಾಗುತ್ತದೆ. ಇದರ ಜೊತೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಗಳಿಗೆ ಶೇ 40 ಅಂಕ ಬೇಕು. ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು.

ಸೀಟುಗಳು ಖಾಲಿ ಉಳಿದ ಕೆಲವು ವರ್ಷಗಳಲ್ಲಿ ಆಯುಷ್ ಕೋರ್ಸ್‌ಗಳಿಗೆ ಕಟ್‌ಆಫ್ ಇಳಿಸಿದ್ದುಂಟು. ಆದರೆ ಅದು ಸರ್ಕಾರದ ಆದೇಶದಿಂದ ಆಗುವ ಕೆಲಸ, ಏಜೆಂಟರ ಕೈಯಲ್ಲಿಲ್ಲ. 2022ರಲ್ಲಿ ಉತ್ತರ ಪ್ರದೇಶದ ಆಯುಷ್ ಕಾಲೇಜುಗಳಲ್ಲಿ ಪ್ರವೇಶದ ಅಕ್ರಮ ಬಯಲಾದಾಗ ಎಂಟುನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಅಮಾನತಾದರು. ಹಣ ಮಾಡಿಕೊಂಡವರು ಯಾರೋ, ವರ್ಷ ಕಳೆದುಕೊಂಡವರು ಮಕ್ಕಳು. ಮಗಳಿಗೆ ಇನ್ನೊಂದು ಸಲ ನೀಟ್ ಬರೆಸಿ. ಕನ್ನಡದಲ್ಲೂ ಬರೆಯಬಹುದು.

ನೀಟ್ ಪಾಸಾಗಿದೆ. ಕೆಇಎಗೆ ಬೇರೆ ಅರ್ಜಿ ಹಾಕಬೇಕೇ? ಆಲ್ ಇಂಡಿಯಾ ಕೋಟಾಕ್ಕೂ ಅದೇ ಅರ್ಜಿ ಸಾಕೇ?
— ವಿದ್ಯಾರ್ಥಿ, ರಾಯಚೂರು

ಎರಡೂ ಬೇರೆ ಬೇರೆ. ರಾಜ್ಯದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ, ಅಂದರೆ ಕೆಇಎಯಲ್ಲಿ ನೋಂದಾಯಿಸಿಕೊಳ್ಳಿ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಶೇ 15 ಅಖಿಲ ಭಾರತ ಕೋಟಾ, ಡೀಮ್ಡ್ ವಿಶ್ವವಿದ್ಯಾಲಯಗಳು ಹಾಗೂ ರಾಷ್ಟ್ರೀಯ ಸಂಸ್ಥೆಗಳ ಸೀಟುಗಳಿಗೆ ಆಯುಷ್ ಕೇಂದ್ರೀಯ ಕೌನ್ಸೆಲಿಂಗ್ ಸಮಿತಿಯ ಜಾಲತಾಣದಲ್ಲಿ ಪ್ರತ್ಯೇಕ ಅರ್ಜಿ. ಎಂಬಿಬಿಎಸ್ ಕೌನ್ಸೆಲಿಂಗ್ ನಡೆಸುವ ಸಮಿತಿಯೇ ಇದನ್ನೂ ನೋಡಿಕೊಳ್ಳುತ್ತದೆ ಎಂದುಕೊಂಡು ಕಾದು ಕುಳಿತು, ಕೊನೆಯ ದಿನ ತಪ್ಪಿಸಿಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

ದಾಖಲೆ ಪರಿಶೀಲನೆಯಲ್ಲಿ ಹೆಚ್ಚು ತೊಡಕಾಗುವುದು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಜಾತಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿಗೆ ಬೇರೆ ಕಾಗುಣಿತ. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಹಾಕಿದಾಗ ವಿವರ ತಾಳೆಯಾಗದಿದ್ದರೆ ಮೀಸಲಾತಿಯ ಹಕ್ಕು ಅಲ್ಲೇ ನಿಲ್ಲುತ್ತದೆ. ಇದನ್ನು ಫಲಿತಾಂಶಕ್ಕೆ ಮೊದಲೇ ಸರಿಪಡಿಸಿಕೊಳ್ಳಿ. ನೀವು ರಾಯಚೂರಿನವರಾದ್ದರಿಂದ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ 371(ಜೆ) ಅರ್ಹತಾ ಪ್ರಮಾಣಪತ್ರ ಬೇಕೇ ಬೇಕು. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ, ಕನ್ನಡದಲ್ಲಿ ಓದಿದ್ದರೆ ಕನ್ನಡ ಮಾಧ್ಯಮದ ಪ್ರಮಾಣಪತ್ರವನ್ನೂ ಜೊತೆಗಿಡಿ.

ಕಾಲೇಜು ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ?
— ಪೋಷಕರು, ಹಾಸನ

ಕಟ್ಟಡ ನೋಡಬೇಡಿ, ಹೊರರೋಗಿ ವಿಭಾಗ ನೋಡಿ. ಸೋಮವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಸುಮ್ಮನೆ ಕುಳಿತರೆ ಸಾಕು. ಎಷ್ಟು ರೋಗಿಗಳು ಬರುತ್ತಾರೆ, ವಿದ್ಯಾರ್ಥಿಗಳು ಪಕ್ಕದಲ್ಲಿ ಕುಳಿತು ಕೇಸ್ ಬರೆದುಕೊಳ್ಳುತ್ತಾರೆಯೇ, ವಾರ್ಡ್‌ನ ಹಾಸಿಗೆಗಳಲ್ಲಿ ನಿಜಕ್ಕೂ ಯಾರಾದರೂ ಮಲಗಿದ್ದಾರೆಯೇ ಎಂಬುದೆಲ್ಲ ಕಾಣುತ್ತದೆ. ಪ್ರವೇಶದ ವರ್ಷಕ್ಕೆ ರಾಷ್ಟ್ರೀಯ ಹೋಮಿಯೋಪಥಿ ಆಯೋಗದ ಅನುಮತಿ ಇದೆಯೇ ಎಂದು ಆಯೋಗದ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಿ. ಕಳೆದ ವರ್ಷದ ಅನುಮತಿ ಪತ್ರ ತೋರಿಸಿದರೆ ಒಪ್ಪಬೇಡಿ. ರಾಜ್ಯದಲ್ಲಿ ಬೆಂಗಳೂರಿನ ಸರ್ಕಾರಿ ಹೋಮಿಯೋಪಥಿ ಕಾಲೇಜಿಗೆ ಪೈಪೋಟಿ ಹೆಚ್ಚು. ಖಾಸಗಿಯವರ ಪೈಕಿ ಮಂಗಳೂರಿನ ಫಾದರ್ ಮುಲ್ಲರ್ ಸಂಸ್ಥೆಯ ಬೇರು 1880ರಷ್ಟು ಹಳೆಯದು. ಜರ್ಮನಿಯ ಪಾದ್ರಿ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡಲು ತೊಡಗಿದ್ದು ಆ ವರ್ಷ.

ಮೊದಲ ವರ್ಷದ ಬಿಎಚ್‌ಎಂಎಸ್‌ನಲ್ಲಿದ್ದೇನೆ. ಫಾರ್ಮಸಿ ಪ್ರಾಕ್ಟಿಕಲ್‌ನಲ್ಲಿ ಟ್ರಿಟುರೇಷನ್ (ಔಷಧವನ್ನು ಹಾಲಿನ ಸಕ್ಕರೆಯೊಂದಿಗೆ ಅರೆಯುವುದು) ಮಾಡುವಾಗ ಪುಡಿ ಉಂಡೆ ಕಟ್ಟುತ್ತದೆ, ಖಲ್ಲಿಗೆ ಅಂಟುತ್ತದೆ. ಒಂದು ಗಂಟೆ ಅರೆಯಲೇಬೇಕೇ?
— ವಿದ್ಯಾರ್ಥಿನಿ, ಬೆಳಗಾವಿ

ಒಂದು ಗಂಟೆ ಅರೆಯಬೇಕು ಎನ್ನುವುದು ಪೂರ್ತಿ ಸರಿಯಲ್ಲ, ಅರೆಯುವುದೂ ಕೆರೆಯುವುದೂ ಸೇರಿ ಒಂದು ಗಂಟೆ. ಶತಾಂಶ ಕ್ರಮದಲ್ಲಿ ಒಂದು ಪಾಲು ಔಷಧಕ್ಕೆ 99 ಪಾಲು ಹಾಲಿನ ಸಕ್ಕರೆ. ಆ ಸಕ್ಕರೆಯನ್ನು 33ರ ಮೂರು ಭಾಗ ಮಾಡಿಕೊಳ್ಳಿ. ಮೊದಲ ಭಾಗವನ್ನು ಖಲ್ಲಿಗೆ ಹಾಕಿ, ಅದರ ಮೇಲೆ ಔಷಧ ಇಟ್ಟು ಚಮಚೆಯಿಂದ ಒಮ್ಮೆ ಕಲಸಿ. 6 ನಿಮಿಷ ಅರೆದು, 4 ನಿಮಿಷ ಖಲ್ಲಿನ ಗೋಡೆ, ತಳ ಮತ್ತು ಕುಟ್ಟಾಣಿಯ ತುದಿಯಿಂದ ಕೆರೆದು ಮಧ್ಯಕ್ಕೆ ತನ್ನಿ. ಮತ್ತೆ 6, ಮತ್ತೆ 4. ಅಲ್ಲಿಗೆ 20 ನಿಮಿಷ. ಎರಡನೆಯ ಭಾಗ ಸೇರಿಸಿ ಇದನ್ನೇ ಮಾಡಿ, ಮೂರನೆಯದಕ್ಕೂ ಹೀಗೆಯೇ. ಬಂದದ್ದು 1ಸಿ. ಅದರ ಒಂದು ಪಾಲನ್ನು ಹೊಸ 99 ಪಾಲಿನೊಂದಿಗೆ ಅರೆದರೆ 2ಸಿ, ಇನ್ನೊಮ್ಮೆ ಮಾಡಿದರೆ 3ಸಿ. ಅಂದರೆ ಮೂಲ ವಸ್ತು ಹತ್ತು ಲಕ್ಷದಲ್ಲಿ ಒಂದು ಪಾಲು.

ಉಂಡೆ ಕಟ್ಟುವುದಕ್ಕೆ ಸಾಮಾನ್ಯವಾಗಿ ತೇವವೇ ಕಾರಣ. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟ ಸಕ್ಕರೆ, ತೊಳೆದು ಪೂರ್ತಿ ಆರಿಸದ ಖಲ್ಲು, ಬೆವರಿದ ಬೆರಳು, ಯಾವುದರಿಂದಲೂ ಆಗಬಹುದು. ಖಲ್ಲನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಿಸಿ ಮಾಡಿ ಆರಿಸಿಕೊಂಡ ನಂತರವೇ ತೂಕಕ್ಕೆ ಕೈಹಾಕಿ. ಅಂಟುವುದಕ್ಕೆ ಕಾರಣ ಬೇರೆ. ಬೇಗ ಮುಗಿಯಲೆಂದು ಕುಟ್ಟಾಣಿಯನ್ನು ಬಲವಾಗಿ ಒತ್ತಿದರೆ ಪುಡಿ ಪದರವಾಗಿ ತಳಕ್ಕೆ ಹತ್ತಿಕೊಳ್ಳುತ್ತದೆ. ಹಗುರವಾಗಿ, ಒಂದೇ ದಿಕ್ಕಿಗೆ ವೃತ್ತಾಕಾರವಾಗಿ ಅರೆಯಿರಿ. ತೀರಾ ನುಣುಪಾದ ಖಲ್ಲಿನಲ್ಲಿ ಪುಡಿ ಜಾರುತ್ತದೆ ಎಂದೇ ಹೋಮಿಯೋಪಥಿಯ ಜನಕ ಹಾನೆಮನ್, ಪಿಂಗಾಣಿ ಖಲ್ಲಿನ ತಳವನ್ನು ಒದ್ದೆ ಮರಳಿನಿಂದ ಉಜ್ಜಿ ಸ್ವಲ್ಪ ತರಿ ಮಾಡಿಕೊಳ್ಳಲು ಹೇಳಿದ್ದು. ಕೆರೆಯುವ 4 ನಿಮಿಷವನ್ನು ನುಂಗಿಹಾಕುವುದು ವಿದ್ಯಾರ್ಥಿಗಳ ಮಾಮೂಲಿ ತಪ್ಪು. ಹಾಗೆ ಮಾಡಿದರೆ ಗೋಡೆಗೆ ಅಂಟಿದ ಪುಡಿಯಲ್ಲಿ ಔಷಧ ಒಂದು ಪ್ರಮಾಣ, ನಡುವಿನದರಲ್ಲಿ ಇನ್ನೊಂದು ಪ್ರಮಾಣ. ಪರೀಕ್ಷಕರು ಮೊದಲು ನೋಡುವುದೇ ಖಲ್ಲಿನ ಅಂಚನ್ನು.

ರೆಪರ್ಟರಿಯಲ್ಲಿ (ಲಕ್ಷಣಗಳಿಗೆ ಹೊಂದುವ ಔಷಧಗಳ ಸೂಚಿಕೆ) ಪ್ರತಿ ಸಲ ಹತ್ತಾರು ಔಷಧಗಳು ಹತ್ತಿರ ಹತ್ತಿರದ ಅಂಕ ಪಡೆಯುತ್ತವೆ. ನನ್ನ ತಪ್ಪು ಎಲ್ಲಿದೆ?
— ಅಂತಿಮ ವರ್ಷದ ವಿದ್ಯಾರ್ಥಿ, ಕಲಬುರಗಿ

ಬಹುಶಃ ರೂಬ್ರಿಕ್, ಅಂದರೆ ರೆಪರ್ಟರಿಯ ಲಕ್ಷಣ-ಶೀರ್ಷಿಕೆಯ ಆಯ್ಕೆಯಲ್ಲಿ. 'ತಲೆನೋವು' ಎಂದಷ್ಟೇ ತೆಗೆದುಕೊಂಡರೆ ಔಷಧಗಳ ಸಂತೆಯೇ ನೆರೆಯುತ್ತದೆ. ಬಿಸಿಲಿಗೆ ಹೋದರೆ ಹೆಚ್ಚು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದರೆ ಕಡಿಮೆ ಎಂಬಲ್ಲಿಂದ ಆರಿಸುವಿಕೆ ಶುರುವಾಗುತ್ತದೆ. ಕೆಂಟ್ ರೆಪರ್ಟರಿಯಲ್ಲಿ ದಪ್ಪಕ್ಷರಕ್ಕೆ 3, ಓರೆಯಕ್ಷರಕ್ಕೆ 2, ಸಾದಾ ಅಕ್ಷರಕ್ಕೆ 1 ಅಂಕ. 10/4 (ಒಟ್ಟು ಅಂಕ/ಲಕ್ಷಣಗಳ ಸಂಖ್ಯೆ) ಪಡೆದ ಔಷಧಕ್ಕಿಂತ 9/5 ಪಡೆದದ್ದನ್ನು ಮೊದಲು ಪರಿಶೀಲಿಸಿ, ಏಕೆಂದರೆ ಅದು ಹೆಚ್ಚು ಲಕ್ಷಣಗಳನ್ನು ಒಳಗೊಂಡಿದೆ. ಅಧ್ಯಾಯಗಳ ಗೊಂದಲವೂ ಸಮಯ ತಿನ್ನುತ್ತದೆ. ಬಾಯಾರಿಕೆ ಇರುವುದು ಬಾಯಿಯ ಅಧ್ಯಾಯದಲ್ಲಲ್ಲ, ಹೊಟ್ಟೆಯ ಅಧ್ಯಾಯದಲ್ಲಿ. ಇಂಥದ್ದೇ ಆಹಾರ ಬೇಕೆನ್ನುವ ಆಸೆ, ಒಲ್ಲೆನೆನ್ನುವ ಅಸಹ್ಯಗಳೂ ಅಲ್ಲೇ ಇವೆ. ಕೊನೆಗೆ ಮೆಟೀರಿಯಾ ಮೆಡಿಕಾ (ಔಷಧಗಳ ಗುಣಲಕ್ಷಣದ ಗ್ರಂಥ) ತೆರೆದು ಹೋಲಿಸದೆ ಅಂಕವನ್ನಷ್ಟೇ ನಂಬಿ ಔಷಧ ಬರೆಯಬೇಡಿ.

ಅಂಚೆ ಮೂಲಕ ಎರಡು ವರ್ಷದ ಡಿಪ್ಲೊಮಾ ಮಾಡಿದ ನಮ್ಮ ಮಾವನವರು ಊರಲ್ಲಿ ಕ್ಲಿನಿಕ್ ತೆರೆಯಬೇಕೆಂದಿದ್ದಾರೆ. ಅಡ್ಡಿಯಿಲ್ಲವಷ್ಟೇ?
— ಓದುಗರು, ಗದಗ

ಅಡ್ಡಿಯಿದೆ. ಅಂಚೆಯ ಅಥವಾ ಆನ್‌ಲೈನ್ ಸರ್ಟಿಫಿಕೇಟ್ ಇಟ್ಟುಕೊಂಡು ಚಿಕಿತ್ಸೆ ಕೊಡುವಂತಿಲ್ಲ. 2020ರ ರಾಷ್ಟ್ರೀಯ ಹೋಮಿಯೋಪಥಿ ಆಯೋಗ ಕಾಯ್ದೆಯ ಪ್ರಕಾರ ರಾಜ್ಯ ಅಥವಾ ರಾಷ್ಟ್ರೀಯ ನೋಂದಣಿ ಪುಸ್ತಕದಲ್ಲಿ ಹೆಸರಿರುವವರು ಮಾತ್ರ ವೃತ್ತಿ ನಡೆಸಬಹುದು. ಮೀರಿದರೆ ಜೈಲು, ದಂಡ ಎರಡಕ್ಕೂ ಅವಕಾಶವಿದೆ. ಹಿಂದೆ ಮಾನ್ಯವಾಗಿದ್ದ ಡಿಎಚ್‌ಎಂಎಸ್ ಡಿಪ್ಲೊಮಾ ಪಡೆದು ಆಗಲೇ ನೋಂದಾಯಿಸಿಕೊಂಡವರ ವಿಷಯ ಬೇರೆ. 'ಎಲೆಕ್ಟ್ರೋ ಹೋಮಿಯೋಪಥಿ' ಎಂಬ ಹೆಸರಿನ ಕೋರ್ಸ್‌ಗೂ ಹೋಮಿಯೋಪಥಿಗೂ ಸಂಬಂಧವಿಲ್ಲ. ಅದು ಆಯೋಗದ ಮಾನ್ಯತೆಯೊಳಗೆ ಬರುವುದಿಲ್ಲ. ಮಾವನವರಿಗೆ ಆಸಕ್ತಿಯಿದ್ದರೆ ಪುಸ್ತಕ ಓದಲಿ. ನೆರೆಯವರ ಮಗುವಿನ ಜ್ವರಕ್ಕೆ ಔಷಧ ಕೊಡುವುದು ಬೇಡ.

ಪದವಿ ಮುಗಿದ ಮೇಲೆ ಕ್ಲಿನಿಕ್ ತೆರೆಯುವವರೆಗಿನ ಹಂತಗಳನ್ನು ತಿಳಿಸಿ.
— ಇಂಟರ್ನ್, ಮೂಡುಬಿದಿರೆ

ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್, ಒಟ್ಟು ಐದೂವರೆ ವರ್ಷ. ಇಂಟರ್ನ್‌ಶಿಪ್ ಪೂರ್ಣಗೊಳಿಸಿದ ಪ್ರಮಾಣಪತ್ರವಿಲ್ಲದೆ ಕಾಯಂ ನೋಂದಣಿ ಸಿಗುವುದಿಲ್ಲ. ಹಾಗಾಗಿ ಲಾಗ್‌ಬುಕ್‌ಗೆ ಆಯಾ ವಿಭಾಗದ ಸಹಿಯನ್ನು ಆಯಾ ತಿಂಗಳೇ ಹಾಕಿಸಿಕೊಳ್ಳಿ. ಕೊನೆಯಲ್ಲಿ ಒಟ್ಟಿಗೆ ಹಾಕಿಸೋಣ ಎಂದರೆ ವರ್ಗವಾಗಿ ಹೋದ ಪ್ರಾಧ್ಯಾಪಕರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. 2020ರ ಕಾಯ್ದೆ ನೋಂದಣಿಗೆ ಮುನ್ನ ರಾಷ್ಟ್ರೀಯ ನಿರ್ಗಮನ ಪರೀಕ್ಷೆಯನ್ನೂ ಹೇಳುತ್ತದೆ. ನಿಮ್ಮ ತಂಡಕ್ಕೆ ಅದು ಹೇಗೆ ಅನ್ವಯಿಸುತ್ತದೆ ಎಂದು ಆಯೋಗದ ಸುತ್ತೋಲೆ ನೋಡಿಕೊಳ್ಳಿ.

ಬಳಿಕ ರಾಜ್ಯದ ಹೋಮಿಯೋಪಥಿ ಮಂಡಳಿಯಲ್ಲಿ ನೋಂದಣಿ. ಕ್ಲಿನಿಕ್‌ಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇ ನೋಂದಣಿ ಬೇಕು. ಅದರ ಅವಧಿ ಐದು ವರ್ಷ. ನೋಂದಣಿ ಸಂಖ್ಯೆಯನ್ನು ಕ್ಲಿನಿಕ್‌ನಲ್ಲಿ ಕಾಣುವಂತೆ ಹಾಕಬೇಕು. ಜೈವಿಕ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆಯಿರಿ. 'ನಾವು ಸೂಜಿಯನ್ನೇ ಬಳಸುವುದಿಲ್ಲ, ನಮಗೇಕೆ' ಎಂದು ಇದನ್ನು ಬಿಟ್ಟವರ ಕೆಪಿಎಂಇ ಅರ್ಜಿ ಬಾಕಿ ಉಳಿಯುತ್ತದೆ. ಕ್ಲಿನಿಕ್ ಜೊತೆಗೆ ಔಷಧದ ಅಂಗಡಿಯನ್ನೂ ತೆರೆಯುವುದಾದರೆ 20-ಸಿ ನಮೂನೆಯ ಲೈಸೆನ್ಸ್ ಬೇರೆ ಬೇಕು.

ಹೋಮಿಯೋಪಥಿ ವೈದ್ಯರು ತುರ್ತು ಸಂದರ್ಭದಲ್ಲಿ ಆ್ಯಂಟಿಬಯೋಟಿಕ್ ಬರೆಯಬಹುದೇ? ಹಳ್ಳಿಯಲ್ಲಿ ಜನರೇ ಕೇಳುತ್ತಾರೆ.
— ಯುವ ವೈದ್ಯರು, ಚಾಮರಾಜನಗರ

ಬೇಡ. ಜನ ಕೇಳಿದರೂ ಬೇಡ. 1996ರಲ್ಲಿ ಪೂನಂ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಜ್ವರದ ರೋಗಿಗೆ ಅಲೋಪಥಿ ಔಷಧ ಕೊಟ್ಟ ಹೋಮಿಯೋಪಥಿ ವೈದ್ಯರನ್ನು, ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ಕೊಟ್ಟದ್ದೇ ನಿರ್ಲಕ್ಷ್ಯ ಎಂದು ಹೊಣೆ ಮಾಡಿತು. ರೋಗಿ ತೀರಿಕೊಂಡಿದ್ದರು. ಕುಟುಂಬಕ್ಕೆ 3 ಲಕ್ಷ ರೂಪಾಯಿ ಪರಿಹಾರ ಕೊಡಬೇಕಾಯಿತು. ನಿಮ್ಮ ಮೇಜಿನ ಮೇಲೆ ಇರಬೇಕಾದದ್ದು ಆ್ಯಂಟಿಬಯೋಟಿಕ್ ಪಟ್ಟಿಯಲ್ಲ, ಹತ್ತಿರದ ತಾಲ್ಲೂಕು ಆಸ್ಪತ್ರೆಯ ದೂರವಾಣಿ ಸಂಖ್ಯೆ ಮತ್ತು ಮುದ್ರಿತ ರೆಫರಲ್ ಚೀಟಿಗಳು. ಚೀಟಿಯಲ್ಲಿ ರೋಗಿ ಬಂದ ಸಮಯ, ನಾಡಿ, ರಕ್ತದೊತ್ತಡ, ಜ್ವರದ ಮಟ್ಟ, ನೀವು ಕೊಟ್ಟ ಔಷಧ ಇಷ್ಟನ್ನು ಬರೆದು ಕಳಿಸಿ, ಒಂದು ಪ್ರತಿ ನಿಮ್ಮಲ್ಲಿರಲಿ.

ಹೋಮಿಯೋಪಥಿಗೆ ವೈಜ್ಞಾನಿಕ ಆಧಾರವಿಲ್ಲ ಎನ್ನುತ್ತಾರೆ. ಮಗ ಈ ಕೋರ್ಸ್ ಸೇರಿದರೆ ತಪ್ಪಾಗುತ್ತದೆಯೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಈ ಪ್ರಶ್ನೆಯನ್ನು ಸೇರುವ ಮುಂಚೆಯೇ ಕೇಳಿದ್ದು ಒಳ್ಳೆಯದಾಯಿತು. 12ಸಿ ದಾಟಿದ ಮೇಲೆ ಮೂಲ ವಸ್ತುವಿನ ಒಂದು ಅಣುವೂ ಉಳಿಯುವ ಸಾಧ್ಯತೆ ತೀರಾ ಕಡಿಮೆ ಎಂಬುದು ಪಿಯುಸಿ ರಸಾಯನಶಾಸ್ತ್ರದ ಅವೊಗ್ಯಾಡ್ರೊ ಸಂಖ್ಯೆಯಿಂದಲೇ ಹೊರಡುವ ಲೆಕ್ಕ. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ, ಯಾವುದೇ ಕಾಯಿಲೆಗೆ ಇದು ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಇಲ್ಲವೆಂದಿತು. 2017ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ, ವೈದ್ಯರು ಇದನ್ನು ಬರೆಯುವುದನ್ನು ನಿಲ್ಲಿಸಲು ಸೂಚಿಸಿತು. ಆದರೆ ಭಾರತದಲ್ಲಿ ಇದು ಕಾನೂನಿನ ಮಾನ್ಯತೆ ಇರುವ ಪದ್ಧತಿ, ಸರ್ಕಾರಿ ಹುದ್ದೆಗಳೂ ಇವೆ. ಇವೆರಡನ್ನೂ ತಿಳಿದುಕೊಂಡು ಮಗ ನಿರ್ಧರಿಸಲಿ.

ಸೇರುವುದೇ ಆದರೆ ಅಂಗರಚನೆ, ರೋಗಶಾಸ್ತ್ರ, ಪ್ರಾಕ್ಟೀಸ್ ಆಫ್ ಮೆಡಿಸಿನ್ ವಿಷಯಗಳನ್ನು ಪಾಸಾಗುವ ಮಟ್ಟಿಗೆ ಓದಿ ಬಿಡದಿರಲಿ. ಎದೆನೋವು, ಬಾಯಿ ಸೊಟ್ಟಗಾಗುವುದು, ಮಂಪರಿನಲ್ಲಿರುವ ಮಗುವಿನ ಜ್ವರ, ಹಾವು ಕಡಿತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕಳಿಸಲು ಈ ವಿಷಯಗಳೇ ಕಲಿಸುವುದು. ನಾಯಿ ಕಚ್ಚಿದವರಿಗೆ ರೇಬಿಸ್ ಲಸಿಕೆಯ ಬದಲು ಯಾವ ಗುಳಿಗೆಯೂ ಇಲ್ಲ. ಇನ್ಸುಲಿನ್, ಮೂರ್ಛೆಯ ಮಾತ್ರೆ, ರಕ್ತದೊತ್ತಡದ ಮಾತ್ರೆಗಳನ್ನು ನಿಲ್ಲಿಸಿ ಎಂದು ರೋಗಿಗೆ ಯಾವತ್ತೂ ಹೇಳಬಾರದು.

ಎಂಡಿ ಮಾಡಲು ಏನು ಬೇಕು?
— ಬಿಎಚ್‌ಎಂಎಸ್ ಪದವೀಧರೆ, ವಿಜಯಪುರ

ಎಐಎಪಿಜಿಇಟಿ ಎಂಬ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆಯಬೇಕು. ಕೋರ್ಸ್ ಮೂರು ವರ್ಷ. ಮೆಟೀರಿಯಾ ಮೆಡಿಕಾ, ರೆಪರ್ಟರಿ, ಆರ್ಗನಾನ್ (ಹಾನೆಮನ್‌ರ ಮೂಲ ತತ್ವಗ್ರಂಥ), ಫಾರ್ಮಸಿ, ಮಕ್ಕಳ ವಿಭಾಗ, ಮನೋವೈದ್ಯ ಮೊದಲಾದ ವಿಷಯಗಳಿವೆ. ಬೋಧನೆಯ ಕಡೆ ಒಲವಿದ್ದರೆ, ನೀವು ಸೇರಬಯಸುವ ಕಾಲೇಜಿನಲ್ಲಿ ಆ ವಿಷಯಕ್ಕೆ ಮಾರ್ಗದರ್ಶಕರು ಇದ್ದಾರೆಯೇ ಎಂದು ಆಪ್ಷನ್ ಎಂಟ್ರಿಗೆ ಮೊದಲೇ ವಿಚಾರಿಸಿಕೊಳ್ಳಿ.